ಬೀಗರ ತಟ್ಟೆ

ಬೀಗರು ಬರುತ್ತಾರೆಂದು ರುಕ್ಮಿಣಿಯಮ್ಮ ಬಿಸಿಬೇಳೆಬಾತ್ ಮಾಡಿದ್ದರು. ಖಾರವನ್ನು ಅರ್ಧಕ್ಕೆ ಇಳಿಸಿ, ಅದೂ ಸೇರದಿದ್ದರೆ ಇರಲಿ ಎಂದು ನಾಲ್ಕು ಆಲೂಗಡ್ಡೆ ಬೇಯಿಸಿ ಬೆಣ್ಣೆ ಸವರಿಟ್ಟಿದ್ದರು. ಮಗಳ ಮದುವೆಯಾಗಿ ಹದಿನೇಳು ವರ್ಷದ ಮೇಲೆ ಬೀಗರು ಮೊದಲ ಸಲ ಮನೆಯ ಹೊಸ್ತಿಲು ತುಳಿಯುವುದೆಂದರೆ ಸಣ್ಣ ಮಾತೇ? ಊಟದ ಮೇಜಿಗೆ ನಾಲ್ಕರ ಬದಲು ಐದು ಕುರ್ಚಿ ಹಾಕಿ, ಎಲ್ಲರಿಗಿಂತ ಒಳ್ಳೆಯ ತಟ್ಟೆಯನ್ನು ಬೀಗರಿಗೆ ಇಟ್ಟರು.

ಆಸ್ಟ್ರೇಲಿಯದ ಪರ್ತ್ ನಗರದ ಉತ್ತರಕ್ಕೆ, ಜೂಂಡಲಪ್‌ನಲ್ಲಿ ಮಗಳು ಕವನಾಳ ಮನೆ. ಕವನಾ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಅಲೆಕ್ ಕಿನ್‌ಲಾಕ್ ಫ್ರೀಮ್ಯಾಂಟಲ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಮೊಮ್ಮಗಳು ಸಿಂಚನಾಳಿಗೆ ಹದಿನೈದು. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ, ಗಂಡ ಉದಯಶಂಕರ್ ತೀರಿಕೊಂಡ ಮೇಲೆ ಇಲ್ಲಿಗೆ ಬಂದ ರುಕ್ಮಿಣಿಯಮ್ಮನಿಗೆ ಅಡುಗೆಮನೆಯ ಯಜಮಾನಿಕೆ ಕೇಳದೆಯೇ ಸಿಕ್ಕಿತ್ತು.

ವಿಮಾನ ನಿಲ್ದಾಣದಿಂದ ಅಲೆಕ್ ಕರೆತಂದ ಅಪ್ಪ ಮರ್ಡೊ ಕಿನ್‌ಲಾಕರಿಗೆ ಎಂಬತ್ತಮೂರು. ಬಡಗಿ ಕೆಲಸ ಮಾಡಿದ ದೊಡ್ಡ ಕೈಗಳು. ಹೋದ ವರ್ಷ ಲಕ್ವ ಹೊಡೆದ ಮೇಲೆ ಬಲಗೈ ನಿಲ್ಲದೆ ನಡುಗುತ್ತದೆ. ಇಲ್ಲಿಯವರೆಗೆ ಬ್ರಿಸ್ಬೇನಿನಲ್ಲಿ ಮಗಳು ಮೊರಾಗ್ ನೋಡಿಕೊಳ್ಳುತ್ತಿದ್ದಳು. ಅವಳಿಗೇ ಬೆನ್ನಿನ ಆಪರೇಷನ್ ಆಗಿ, ಅಪ್ಪನನ್ನು ಕೈಹಿಡಿದು ಎಬ್ಬಿಸಲೂ ಆಗದಂತಾದಾಗ ಬೇರೆ ದಾರಿಯಿಲ್ಲದೆ ಮಗನ ಮನೆ ನೆನಪಾಗಿತ್ತು.

ಮರ್ಡೊ ರುಕ್ಮಿಣಿಯಮ್ಮನ ಕೈ ಕುಲುಕಿದರು. ಅಡುಗೆಯ ವಾಸನೆ ಬಹಳ ಚೆನ್ನಾಗಿದೆ ಎಂದರು. ಮಾತೆಲ್ಲ ಇಂಗ್ಲಿಷೇ ಅನ್ನಿ; ನಮಗೆ ವಿಷಯ ಮುಖ್ಯ. ಆಮೇಲೆ ಮೇಜನ್ನೂ ಐದು ಕುರ್ಚಿಗಳನ್ನೂ ನೋಡಿ, "ನನ್ನ ತಟ್ಟೆ ರೂಮಿಗೆ ಕೊಟ್ಟರೆ ಉಪಕಾರವಾಗುತ್ತದೆ, ಮಿಸೆಸ್ ಶಂಕರ್," ಎಂದರು.

ಪ್ರಯಾಣದ ಸುಸ್ತಿರಬೇಕೆಂದು ರುಕ್ಮಿಣಿಯಮ್ಮ ತಿಳಿದರು. ಆದರೆ ಅಲೆಕ್ ಆಗಲೇ ಟ್ರೇ ತೆಗೆದುಕೊಂಡಿದ್ದ. ಅವನ ಮುಖ ನೋಡಿದರೆ ಇದು ಇವತ್ತಿನ ಸುಸ್ತಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಅಡುಗೆಮನೆಯಲ್ಲಿ ಮಗಳನ್ನು ಹಿಡಿದು ನಿಲ್ಲಿಸಿದರು. "ಏನೇ ಇದು?"

"ನಾನು ಹೇಳಿರ್ಲಿಲ್ವಾ ಅಮ್ಮ?"

"ಮದ್ವೆಗೆ ಬರ್ಲಿಲ್ಲ ಅಂದಿದ್ದೆ. ಮನೆಗೆ ಬಂದ್ಮೇಲೂ ಜೊತೇಲಿ ಕೂತು ಉಣ್ಣಲ್ಲ ಅಂತ ಎಲ್ಲಿ ಹೇಳಿದ್ದೆ?"

"ನಾನು ಹಿಂದೂ ಅಲ್ವಾ. ಅಲೆಕ್ ನನ್ನ ಮದ್ವೆ ಆದ ಅಂತ ಅವ್ರ ಸಭೆಯಿಂದ ಅವನ್ನ ತೆಗೆದ್ಹಾಕಿದ್ರು. ಅವತ್ತಿಂದ ಹೀಗೇ, ನಾವು ಬ್ರಿಸ್ಬೇನಿಗೆ ಹೋದಾಗ್ಲೂ. ನನ್ನ ಕೈ ಅಡುಗೆ ಆಗುತ್ತೆ, ನಾನು ಆಗಲ್ಲ. ಬಿಡು, ಅನ್ನ ಆರತ್ತೆ."

ರುಕ್ಮಿಣಿಯಮ್ಮನಿಗೆ ಮೈಯೆಲ್ಲ ಉರಿಯಿತು. ಅವರ ಅಜ್ಜಿ ಮಡಿಯುಟ್ಟರೆ ಮೊಮ್ಮಕ್ಕಳು ಹತ್ತು ಮಾರು ದೂರ ನಿಲ್ಲಬೇಕಿತ್ತು. ಅದರಿಂದ ತಪ್ಪಿಸಿಕೊಂಡೆವಲ್ಲ ಎಂದು ನೆಮ್ಮದಿಯಿಂದಿದ್ದರೆ, ಹಿಂದೂ ಮಹಾಸಾಗರ ದಾಟಿ ಬಂದ ಮೇಲೆ ಸ್ಕಾಟ್ಲೆಂಡಿನ ಮಡಿಯೊಂದು ಎದುರಾಗಿ ಕೈ ಕುಲುಕಿತ್ತು.

ಕಿನ್‌ಲಾಕರದು ಬ್ರದರೆನ್ ಪಂಥ. ಪಾದ್ರಿಯಿಲ್ಲ, ಮೂರ್ತಿಯಿಲ್ಲ, ಗಂಟೆಯಿಲ್ಲ. ಭಾನುವಾರ ಒಂದು ಹಾಲ್‌ನಲ್ಲಿ ಸೇರಿ, ರೊಟ್ಟಿ ಮುರಿದು ಹಂಚಿಕೊಳ್ಳುವುದೇ ಅವರ ದೊಡ್ಡ ಪೂಜೆ. ಆ ಪಂಥದ ಬಹುಪಾಲು ಸಭೆಗಳಲ್ಲಿ ಇಂಥ ಬಿಗಿಯಿಲ್ಲವಂತೆ. ಇವರದು ಹಳೆಯ ಕಟ್ಟುಪಾಡು ಬಿಡದ ಚಿಕ್ಕದೊಂದು ಕವಲು. ಪರ್ತ್, ಅಡಿಲೇಡ್, ಬ್ರಿಸ್ಬೇನ್ ಮೂರೂ ಊರು ಸೇರಿದರೆ ಮುನ್ನೂರು ಜನ ಇದ್ದಾರೋ ಇಲ್ಲವೋ.

ಎರಡನೇ ವಾರ ಮರ್ಡೊ ರೂಮಿನ ಬಾಗಿಲಲ್ಲಿ ನಿಂತು ಒಂದು ಸಹಾಯ ಕೇಳಿದರು. ಫ್ರಿಜ್ಜಿನ ಮೇಲೆ ರುಕ್ಮಿಣಿಯಮ್ಮ ಬರೆದಂಟಿಸಿದ್ದ ಸಾಮಾನಿನ ಪಟ್ಟಿ ನೋಡಿದ್ದರಂತೆ. ಇಷ್ಟು ಒಳ್ಳೆಯ ಅಕ್ಷರ ಕಂಡು ನಲವತ್ತು ವರ್ಷವಾಯಿತಂತೆ. ಕಿನ್‌ಲಾಕ್ ಮನೆತನ ಆಸ್ಟ್ರೇಲಿಯಕ್ಕೆ ಬಂದು ಇದೇ ಸೆಪ್ಟೆಂಬರಿಗೆ ನೂರು ವರ್ಷ. ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿ ನೆಂಟರಿಷ್ಟರೆಲ್ಲ ಸೇರುತ್ತಾರೆ. ಅಷ್ಟರಲ್ಲಿ ವಂಶಾವಳಿ ಪುಸ್ತಕವಾಗಬೇಕು. ಅಲ್ಲಿರುವ ತಮ್ಮನ ಮಗಳು ಐಲ್ಸಾ ಅಚ್ಚು ಹಾಕಿಸುತ್ತಾಳೆ, ಹಾಳೆ ಸಿದ್ಧಮಾಡುವುದು ಮರ್ಡೊ ಪಾಲಿಗೆ. ಕೈಯೋ ನಡುಗುತ್ತದೆ.

ಆಣೆಯಿಟ್ಟು ಹೇಳಬಹುದು, ರುಕ್ಮಿಣಿಯಮ್ಮ ಒಪ್ಪಿದ್ದು ಒಳ್ಳೆಯತನದಿಂದ ಮಾತ್ರವಲ್ಲ. ಆ ಪುಸ್ತಕದಲ್ಲಿ ಮಗಳ ಹೆಸರು ಎಲ್ಲಿದೆ ಎಂದು ನೋಡಬೇಕಿತ್ತು.

ಬೆಳಗಿನ ಪಾತ್ರೆ ತೊಳೆದಾದ ಮೇಲೆ ದಿನಾ ಒಂದು ಗಂಟೆ ಕೂತರು. ಮರ್ಡೊ ಹೇಳುವುದು, ಇವರು ಬರೆಯುವುದು. ಅವರ ಅಜ್ಜ ಡೂಗಲ್ ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಮೀನು ಹಿಡಿಯುತ್ತಿದ್ದವನು. ಹೆಂಡತಿ, ಮೂರು ಮಕ್ಕಳ ಜೊತೆ ಫ್ರೀಮ್ಯಾಂಟಲ್‌ನಲ್ಲಿ ಇಳಿದು, ಮೊದಲ ಭಾನುವಾರವೇ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ರೊಟ್ಟಿ ಮುರಿದನಂತೆ. ಮೇಜಿರಲಿಲ್ಲ, ಸಾಮಾನಿನ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿದ್ದರಂತೆ. ಅಲ್ಲಿಂದ ಒಬ್ಬ ಮಗ ಅಡಿಲೇಡಿಗೆ, ಒಬ್ಬ ಬ್ರಿಸ್ಬೇನಿಗೆ ಹೋಗಿ ಒಂದೊಂದು ಸಭೆ ಕಟ್ಟಿದರು. ಪ್ರತಿಯೊಬ್ಬರ ಹೆಸರಿನ ಮುಂದೆ ಹುಟ್ಟಿದ ದಿನ, ನಂಬಿಕೆಯಲ್ಲಿ ಮರುಹುಟ್ಟು ಪಡೆದ ದಿನ, ನೀರಿನಲ್ಲಿ ದೀಕ್ಷೆ, ರೊಟ್ಟಿಗೆ ಸೇರಿದ ಸಭೆ, ಮದುವೆ, ಮಕ್ಕಳು, ಮರಣ.

"ನಮ್ಮಲ್ಲೂ ಜನಿವಾರ ಹಾಕಿದರೆ ಎರಡನೇ ಹುಟ್ಟು ಅಂತಾರೆ," ಎಂದರು ರುಕ್ಮಿಣಿಯಮ್ಮ.

"ಹೌದೇ?" ಎಂದು ಮರ್ಡೊ ನಿಜವಾಗಿಯೂ ಸಂತೋಷಪಟ್ಟರು. ಕೆಟ್ಟ ಮನುಷ್ಯರಾಗಿದ್ದರೆ ಎಷ್ಟು ಸುಲಭವಿತ್ತು! ಟ್ರೇ ವಾಪಸು ಕೊಡುವಾಗ ಪ್ರತಿಸಲವೂ ಥ್ಯಾಂಕ್ಸ್ ಹೇಳುತ್ತಿದ್ದರು, ತಮ್ಮ ಹಾಸಿಗೆ ತಾವೇ ಒಂದೇ ಕೈಯಲ್ಲಿ ಸರಿಮಾಡುತ್ತಿದ್ದರು, ಸಿಂಚನಾಳ ಮುರಿದ ಸ್ಟೂಲನ್ನು ಅವಳ ಕೈಯಲ್ಲೇ ರಿಪೇರಿ ಮಾಡಿಸಿದ್ದರು.

ಅಲೆಕ್‌ನ ಸಾಲು ಬಂತು. ಹುಟ್ಟು, ಬ್ರಿಸ್ಬೇನ್, ೧೯೭೫. ದೀಕ್ಷೆ, ೧೯೯೧. ಅದೇ ವರ್ಷ ರೊಟ್ಟಿಗೆ ಸೇರಿದ್ದು.

"ಮದುವೆ ಎರಡು ಸಾವಿರದ ಎಂಟು," ಎಂದು ರುಕ್ಮಿಣಿಯಮ್ಮ ಪೆನ್ನು ಊರಿದರು.

"ಅಲ್ಲಿಗೆ ನಿಲ್ಲಿಸಿ, ಮಿಸೆಸ್ ಶಂಕರ್."

ಅವರು ನಿಲ್ಲಿಸಿದರು. ಮರ್ಡೊ ನಿದ್ದೆಗೆ ಜಾರಿದ ಮೇಲೆ ಪೆನ್ಸಿಲಿನಲ್ಲಿ ಕವನಾಳ ಹೆಸರನ್ನೂ ಸಿಂಚನಾಳ ಹೆಸರನ್ನೂ ಬರೆದಿಟ್ಟರು. ಮರುದಿನ ನೋಡಿದರೆ ಎರಡೂ ಇಲ್ಲ. ನಡುಗುವ ಕೈಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಅಳಿಸಲು ಎಷ್ಟು ಹೊತ್ತು ಹಿಡಿಯಿತೋ.

ಸಿಂಚನಾ ಸ್ಕೂಲಿನಿಂದ ಬಂದವಳು ಹಾಳೆ ತಿರುವಿ ನೋಡಿದಳು. "ಸೋ ಐ ಡೋಂಟ್ ಎಗ್ಸಿಸ್ಟ್, ಅಜ್ಜಿ?"

"ಸುಮ್ನಿರೇ. ಕೈ ತೊಳ್ಕೊಂಡು ದೋಸೆ ತಿನ್ನು."

ಇವರ ಸಭೆಗಳಲ್ಲಿ ಒಂದು ರೂಢಿಯಿದೆ. ಒಂದು ಊರು ಬಿಟ್ಟು ಇನ್ನೊಂದಕ್ಕೆ ಹೋದವರು ಹಳೆಯ ಸಭೆಯಿಂದ ಒಂದು ಪತ್ರ ತರಬೇಕು. ಇವರು ನಮ್ಮವರು, ಸೇರಿಸಿಕೊಳ್ಳಿ ಎಂದು. ಮರ್ಡೊ ತಂದಿದ್ದರು. ಅದನ್ನು ಓದಿದ ಪರ್ತ್ ಸಭೆಯ ಹಿರಿಯರು ಒಂದು ಶನಿವಾರ ಮಧ್ಯಾಹ್ನ ಮನೆಗೆ ಬಂದರು, ಇಬ್ಬರು. ಮಾತಾಡಿದವರ ಹೆಸರು ಮಿಸ್ಟರ್ ಬೇನ್. ಅಲೆಕ್ ಬಂದರಿನಲ್ಲಿ, ಕವನಾ ವಾರ್ಡಿನಲ್ಲಿ. ಮರ್ಡೊ ಸ್ನಾನ ಮುಗಿಸಿ ಅಂಗಿ ಹಾಕಿಕೊಳ್ಳುತ್ತಿದ್ದರು; ಗುಂಡಿಗೆ ಅವರಿಗೆ ಕಾಲು ಗಂಟೆ ಬೇಕು.

ರೂಮಿನ ಬಾಗಿಲ ಹೊರಗೆ ಎಂಜಲು ತಟ್ಟೆಯ ಟ್ರೇ ಹಾಗೇ ಇತ್ತು. ರುಕ್ಮಿಣಿಯಮ್ಮ ಓಡಿಹೋಗಿ ಅದನ್ನು ಎತ್ತಿ ಬಟ್ಟೆ ಒಗೆಯುವ ಕೋಣೆಗೆ ದಾಟಿಸಿ, ಏನೂ ಆಗದವರಂತೆ ಟೀ, ಚಕ್ಕುಲಿ ತಂದಿಟ್ಟರು.

ಮಿಸ್ಟರ್ ಬೇನ್ ಚಕ್ಕುಲಿ ಮುರಿಯುತ್ತ ಕೇಳಿದರು, "ಮಿಸ್ಟರ್ ಕಿನ್‌ಲಾಕ್ ಊಟ ಎಲ್ಲಿ ಮಾಡುತ್ತಾರೆ?"

ರುಕ್ಮಿಣಿಯಮ್ಮ ಚಕ್ಕುಲಿಯ ತಟ್ಟೆಯನ್ನು ಅವರತ್ತ ಇನ್ನಷ್ಟು ಸರಿಸಿದರು. ಮುದುಕರನ್ನು ಮೂಲೆಗೆ ತಳ್ಳಿ ಅನ್ನ ಹಾಕುತ್ತಾರೆ ಎಂದು ಯಾರೋ ಚಾಡಿ ಹೇಳಿರಬೇಕು! ಮಗಳ ಮನೆಯ ಮಾನ ಈಗ ತಮ್ಮ ನಾಲಿಗೆಯ ಮೇಲಿದೆ. ಬೀಗರನ್ನು ಒಬ್ಬರೇ ಉಣ್ಣಲು ಬಿಡುವವರುಂಟೇ?

"ಎಲ್ಲರೂ ಒಟ್ಟಿಗೇ ಸರ್," ಎಂದರು. "ಅವರು ಕೂರದೆ ನಾವ್ಯಾರೂ ತಟ್ಟೆ ಮುಟ್ಟುವುದಿಲ್ಲ. ಮಗನ ಪಕ್ಕದ ಕುರ್ಚಿಯೇ ಅವರದು. ಮೂರು ಹೊತ್ತೂ."

ಇಬ್ಬರು ಹಿರಿಯರೂ ಮುಖ ಮುಖ ನೋಡಿಕೊಂಡರು. ಒಳ್ಳೆಯ ಟೀ ಎಂದರು. ಮರ್ಡೊ ಬಂದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಪ್ರಾರ್ಥಿಸಿ ಹೊರಟುಹೋದರು. ರುಕ್ಮಿಣಿಯಮ್ಮ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು. ಮನೆಯ ಮರ್ಯಾದೆ ಉಳಿಸಿದೆನೆಂಬ ಸಮಾಧಾನದಲ್ಲಿ ಅವತ್ತು ಸಂಜೆ ಕೇಸರಿಬಾತ್ ಬೇರೆ ಮಾಡಿದರು, ಪಾಪ.

ಎಂಟು ದಿನದ ಮೇಲೆ, ಭಾನುವಾರ, ಅಲೆಕ್ ಅಪ್ಪನನ್ನು ಕಾರಿನಲ್ಲಿ ಸಭೆಗೆ ಕರೆದೊಯ್ದ. ಅವನು ಒಳಗೆ ಹೋಗುವಂತಿಲ್ಲ. ತಾತನ ಕೈಹಿಡಿದು ಹೋದವಳು ಸಿಂಚನಾ. ವಾಪಸು ಬಂದವಳೇ ಅಡುಗೆಮನೆಗೆ ಬಂದು ನಿಂತಳು.

"ದೇ ಸ್ಕಿಪ್ಡ್ ಹಿಮ್, ಅಜ್ಜಿ."

"ಏನು ಹಾಗಂದ್ರೆ?"

"ಬ್ರೆಡ್ ಪ್ಲೇಟ್ ಎಲ್ಲರ ಕೈಗೂ ಹೋಯ್ತು. ಹಿ ಪುಟ್ ಹಿಸ್ ಹ್ಯಾಂಡ್ ಔಟ್. ದೇ ಜಸ್ಟ್ ಟುಕ್ ಇಟ್ ಪಾಸ್ಟ್ ಹಿಮ್. ತಾತ ಕೈ ಹಾಗೇ ಇಟ್ಕೊಂಡಿದ್ರು."

ರುಕ್ಮಿಣಿಯಮ್ಮ ಒದ್ದೆ ಕೈಯಲ್ಲೇ ಮರ್ಡೊ ರೂಮಿಗೆ ಹೋದರು. ಅವರು ಕೋಟು ಕೂಡ ಬಿಚ್ಚದೆ ಮಂಚದ ಮೇಲೆ ಕೂತಿದ್ದರು. ಕೇಳಿದ್ದಕ್ಕೆ ಒಂದು ಕಾಗದ ಚಾಚಿದರು. ಸಭೆ ಮುಗಿದ ಮೇಲೆ ಕೈಗೆ ಕೊಟ್ಟಿದ್ದಂತೆ. ಹೊರಹಾಕಿದವನ ಜೊತೆ ಒಂದೇ ಮೇಜಿನಲ್ಲಿ ಉಣ್ಣುವ ಸಹೋದರನನ್ನು ರೊಟ್ಟಿಗೆ ಸೇರಿಸಿಕೊಳ್ಳಲಾಗದು, ವಿಷಯ ತಿಳಿಯಾಗುವವರೆಗೆ ಹಿಂದಿನ ಸಾಲಿನಲ್ಲಿ ಕೂರಬೇಕು ಎಂದಿತ್ತು.

"ಹೊರಹಾಕಿದವನು ಅಂದರೆ?"

"ಅಲೆಕ್."

"ಕವನಾ ಅಲ್ವೇ?"

ಮರ್ಡೊ ಆಶ್ಚರ್ಯದಿಂದ ತಲೆಯೆತ್ತಿದರು. "ನಿಮ್ಮ ಮಗಳ ಜೊತೆ, ನಿಮ್ಮ ಜೊತೆ ಉಣ್ಣಲು ನನಗೆ ಯಾವ ಅಡ್ಡಿಯೂ ಇಲ್ಲ. ನೀವು ಹೊರಗಿನವರು. ಅವನು ಒಳಗಿದ್ದವನು. ಒಳಗಿದ್ದು ಹೋದವನ ಜೊತೆ ಮಾತ್ರ ಕೂಡದು."

"ನಾನು ಸುಳ್ಳು ಹೇಳಿಬಿಟ್ಟೆ," ಎಂದರು ರುಕ್ಮಿಣಿಯಮ್ಮ. "ಮನೆ ಮರ್ಯಾದೆಗೆ ಹೇಳಿದ್ದು. ನೀವು ನಿಜ ಹೇಳಿಬಿಡಿ ಅವರಿಗೆ."

"ನನಗೆ ಅನ್ನ ಹಾಕುವ ಹೆಂಗಸು ಸುಳ್ಳಿ ಎಂದು ನಾನು ಹೇಳುವುದಿಲ್ಲ," ಎಂದು ಮರ್ಡೊ ಕೋಟಿನ ಗುಂಡಿ ಹುಡುಕತೊಡಗಿದರು. "ರೊಟ್ಟಿ ಕೊಡಿ ಎಂದು ನಾನೇ ವಕಾಲತ್ತು ಮಾಡುವುದೂ ಇಲ್ಲ."

ಮಧ್ಯಾಹ್ನದ ಊಟಕ್ಕೆ ಕೂತಾಗ ರುಕ್ಮಿಣಿಯಮ್ಮ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಕವನಾ ಕೈಯಲ್ಲಿದ್ದ ಸೌಟನ್ನು ಸಾರಿನ ಪಾತ್ರೆಗೆ ಬಿಟ್ಟಳು.

"ನಾನಲ್ವಾ? ಹದಿನೇಳು ವರ್ಷ ನನ್ನಿಂದ ಅಂತ ನಾನು ಕೊರಗಿದ್ದೀನಿ. ಅಲೆಕ್, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾಚ್ಕೆ," ಎಂದ ಅಲೆಕ್, ತನಗೆ ಬರುವ ಕನ್ನಡದಲ್ಲಿ. ಆಮೇಲೆ ಅತ್ತೆಯ ಕಡೆ ತಿರುಗಿದ. "ಅಮ್ಮ, ಈಗ ಯಾರಿಗೂ ಏನೂ ಹೇಳ್ಬೇಡಿ. ಪ್ಲೀಸ್. ಅವ್ರಿಗೆ ಸಭೇಲಿ ಮೇಜಿಲ್ಲ ಅಂದ್ರೆ ಇಲ್ಲಿಗೆ ಬರ್ತಾರೆ. ಬರ್ಲೇಬೇಕಲ್ವಾ?"

ಐವತ್ತು ವರ್ಷದ ಗಂಡಸಿನ ಕಣ್ಣಲ್ಲಿ ಅಂಥ ಆಸೆಯನ್ನು ರುಕ್ಮಿಣಿಯಮ್ಮ ಕಂಡದ್ದೇ ಇಲ್ಲ. ಹೂಂ ಎಂದುಬಿಟ್ಟರು.

ಅವತ್ತಿನಿಂದ ಅಲೆಕ್ ತನ್ನ ಪಕ್ಕಕ್ಕೆ ಐದನೇ ಕುರ್ಚಿ ಹಾಕತೊಡಗಿದ. ಫ್ರೀಮ್ಯಾಂಟಲ್‌ನಿಂದ ಬರುವಾಗ ಅಪ್ಪನಿಗೆ ಇಷ್ಟವಾದ ಹೊಗೆಯಾಡಿಸಿದ ಮೀನು ತಂದ. ಮಧ್ಯಾಹ್ನದ ಶಿಫ್ಟ್ ಬದಲಿಸಿಕೊಂಡು ಸಂಜೆ ಊಟಕ್ಕೆ ಮನೆಯಲ್ಲೇ ಇರತೊಡಗಿದ. ದಿನವೂ ರೂಮಿನ ಕಡೆ ಮುಖಮಾಡಿ, "ಡ್ಯಾಡ್, ಟೀ ರೆಡಿ!" ಎಂದು ಕೂಗುವನು. ಊಟಕ್ಕೆ ಅವರು ಟೀ ಎನ್ನುತ್ತಾರೆ. ದಿನವೂ ಟ್ರೇ ರೂಮಿಗೆ ಹೋಗುವುದು, ಅರ್ಧ ಉಳಿದು ವಾಪಸಾಗುವುದು.

ಎರಡನೇ ಭಾನುವಾರ ಮರ್ಡೊ ಹಿಂದಿನ ಸಾಲಿನಲ್ಲಿ ಕೂತು ಬಂದರು. ಮೂರನೆಯದಕ್ಕೂ ಹೋದರು. ನಾಲ್ಕನೇ ಭಾನುವಾರ ಏಳಲೇ ಇಲ್ಲ. ವಂಶಾವಳಿಯ ಹಾಳೆಗಳ ಮೇಲೆ ಕನ್ನಡಕ ಮಡಚಿಟ್ಟಿದ್ದು ಹಾಗೇ ಉಳಿಯಿತು. ಹೊರಗೆ ಜುಲೈ ತಿಂಗಳ ಮಳೆ. ಅಡಿಲೇಡಿನಿಂದ ಐಲ್ಸಾ ಎರಡು ಸಲ ಫೋನ್ ಮಾಡಿದಳು, ಅಚ್ಚಿನ ದಿನ ಮೀರುತ್ತಿದೆ ಎಂದು. ಮರ್ಡೊ ಫೋನಿಗೆ ಬರಲಿಲ್ಲ.

ಕವನಾ ತೂಕ ನೋಡಿದಳು. "ಐದು ಕೆಜಿ ಇಳಿದಿದ್ದಾರೆ ಅಮ್ಮ. ಗಂಜಿ ಕೂಡ ಗುಟುಕರಿಸಲ್ಲ. ವಾರ್ಡಲ್ಲಿ ನೋಡಿದ್ದೀನಿ ನಾನು ಇಂಥವ್ರನ್ನ. ಮೈಲಿ ರೋಗ ಇರಲ್ಲ, ಬೇಡ ಅನ್ನಿಸಿರುತ್ತೆ ಅಷ್ಟೆ."

"ಗಂಡನಿಗೆ ಹೇಳು."

"ಹೇಳ್ದೆ. ಇನ್ನೊಂದು ವಾರ ಅಂತಾನೆ. ಅವನ ಮೇಲೆ ಕೂಗಾಡೋಕೂ ಆಗ್ತಿಲ್ಲ ಅಮ್ಮ, ಚಿಕ್ಕ ಹುಡುಗನ ಹಾಗೆ ಕುರ್ಚಿ ಒರೆಸ್ತಾ ಇರ್ತಾನೆ."

ಆ ಬುಧವಾರ ಸಂಜೆ ಮರ್ಡೊ ರೂಮಿನಿಂದ ಹೊರಗೆ ಬಂದರು. ಗೋಡೆ ಹಿಡಿದುಕೊಂಡು ಮೇಜಿನವರೆಗೆ ನಡೆದರು. ಐದನೇ ಕುರ್ಚಿಯ ಬೆನ್ನಿನ ಮೇಲೆ ಆ ನಡುಗುವ ಕೈಯಿಟ್ಟು ಬಹಳ ಹೊತ್ತು ನಿಂತರು. ಅಲೆಕ್ ಎದ್ದು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆಳೆದ.

"ಆಗುವುದಿಲ್ಲ ಮಗನೇ," ಎಂದರು ಮರ್ಡೊ. ಕಣ್ಣಲ್ಲಿ ನೀರಿತ್ತು. ತಿರುಗಿ ಹೋದರು.

"ನೋಡಿದ್ರಾ ಅಮ್ಮ?" ಎಂದ ಅಲೆಕ್, ಮುಖ ಕೆಂಪಾಗಿ. "ಬಂದ್ರು! ಕುರ್ಚಿ ಮುಟ್ಟಿದ್ರು!"

ರುಕ್ಮಿಣಿಯಮ್ಮ ನೋಡಿದ್ದು ಬೇರೆ. ಅಂಗಿಯ ಕಾಲರಿನೊಳಗೆ ಕತ್ತು ಕಡ್ಡಿಯಂತಾಗಿತ್ತು. ಮರುದಿನ ಬ್ರಿಸ್ಬೇನಿನಿಂದ ಮೊರಾಗ್ ಅಳುತ್ತ ಫೋನ್ ಮಾಡಿ, "ಅಪ್ಪ ನನ್ನ ಹತ್ತಿರ ವಿದಾಯ ಹೇಳುವ ಹಾಗೆ ಮಾತಾಡಿದರು, ಏನಾಗುತ್ತಿದೆ ಅಲ್ಲಿ?" ಎಂದು ರುಕ್ಮಿಣಿಯಮ್ಮನನ್ನು ಕೇಳಿದಳು. ಹೇಳಿದ ಮಾತು ತಮ್ಮದು. ಸಾಯುತ್ತಿರುವವರು ಬೀಗರು.

ಮಳೆ ನಿಂತ ಹೊತ್ತು ನೋಡಿ ಒಂದು ಹಾಳೆ ತೆಗೆದರು. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಅದೇ ದುಂಡು ಅಕ್ಷರದಲ್ಲಿ ಮಿಸ್ಟರ್ ಬೇನ್‌ಗೆ ಬರೆದರು. 'ಅಂದು ನಾನು ಹೇಳಿದ್ದು ಸುಳ್ಳು. ಮಿಸ್ಟರ್ ಕಿನ್‌ಲಾಕ್ ಈ ಮನೆಗೆ ಬಂದು ಹನ್ನೊಂದು ವಾರವಾಯಿತು. ಒಂದು ದಿನವೂ, ಒಂದು ಹೊತ್ತೂ ತಮ್ಮ ಮಗನ ಜೊತೆ ಊಟಕ್ಕೆ ಕೂತಿಲ್ಲ. ಮಗ ದಿನವೂ ಕರೆಯುತ್ತಾನೆ. ಅವರು ಬರುವುದಿಲ್ಲ. ನಮ್ಮ ಊರಿನಲ್ಲಿ ಇದನ್ನು ಹೊರಗಿನವರಿಗೆ ಹೇಳುವುದು ಅವಮಾನ. ಅದಕ್ಕೆ ಮುಚ್ಚಿಟ್ಟೆ.' ಸಹಿ ಮಾಡಿ, ಮಗಳಿಗೂ ಹೇಳದೆ, ತಾವೇ ನಡೆದುಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದರು. ದಾರಿಯುದ್ದಕ್ಕೂ ಅಳು ಬರುತ್ತಿತ್ತು.

ಹತ್ತು ದಿನದ ಮೇಲಿನ ಭಾನುವಾರ ಹಿರಿಯರೇ ಫೋನ್ ಮಾಡಿ ಮರ್ಡೊ ಅವರನ್ನು ಕರೆಸಿಕೊಂಡರು. ಸಭೆಯಿಂದ ಬಂದಾಗ ಅವರ ಬೆನ್ನು ನೆಟ್ಟಗಿತ್ತು. ಸಿಂಚನಾಳ ಕೈ ಹಿಡಿಯದೆ ಮೆಟ್ಟಿಲು ಹತ್ತಿದರು. "ಬಹಳ ಹಸಿವಾಗಿದೆ, ಮಿಸೆಸ್ ಶಂಕರ್," ಎಂದು ನಕ್ಕು ರೂಮಿಗೆ ಹೋದರು.

ಅಲೆಕ್ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟ. ಐದನೇ ಕುರ್ಚಿಯನ್ನು ಎತ್ತಿ ಗ್ಯಾರೇಜಿಗೆ ಹಾಕಿ ಬಂದ.

"ಮಿಸ್ಟರ್ ಬೇನ್ ಹೊರಗೆ ಬಂದು ನನ್ನ ಕೈ ಕುಲುಕಿದ್ರು," ಎಂದ. "ನಿಮ್ಮತ್ತೆ ಪ್ರಾಮಾಣಿಕ ಹೆಂಗಸು ಅಂದ್ರು."

ಕವನಾ ತಾಯಿಯ ಕಡೆ ತಿರುಗಿದಳು. "ಏನ್ಮಾಡ್ದೆ ಅಮ್ಮ ನೀನು?"

"ನಿಜ ಬರ್ದೆ."

"ಅವನನ್ನೊಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದ. ಅಲೆಕ್, ಅವರು ಸಾಯ್ತಿದ್ರು ಕಣಪ್ಪ."

"ಇನ್ನೊಂದು ವಾರ ಅಮ್ಮ. ಅಷ್ಟೇ ಬೇಕಿತ್ತು. ಕೂತುಬಿಡ್ತಿದ್ರು."

"ಕೂತು ಎರಡು ದಿನಕ್ಕೆ ಸತ್ತಿದ್ರೆ?"

"ನನ್ನ ಜೊತೆ ಉಂಡು ಸಾಯ್ತಿದ್ರು," ಎಂದ ಅಲೆಕ್. ಕೂಗಲಿಲ್ಲ. ಕೂಗಿದ್ದರೆ ರುಕ್ಮಿಣಿಯಮ್ಮನಿಗೆ ಎಷ್ಟೋ ವಾಸಿಯಿತ್ತು.

ಅನ್ನ, ಬೇಳೆಸಾರು, ಹುರುಳಿಕಾಯಿ ಪಲ್ಯ ಬಡಿಸಿ ಟ್ರೇ ಹಿಡಿದು ರೂಮಿಗೆ ಹೋದರು. ಮರ್ಡೊ ಕನ್ನಡಕ ಹಾಕಿ ವಂಶಾವಳಿ ಬಿಡಿಸಿಕೊಂಡಿದ್ದರು. ನಾಳೆ ಮುಗಿಸಿ ಐಲ್ಸಾಗೆ ಕಳಿಸಿಬಿಡಬೇಕು ಎಂದರು. "ನನ್ನ ಸಾಲಿಗೆ ಒಂದು ಮಾತು ಸೇರಿಸುವುದಿದೆ. ಪರ್ತ್ ಸಭೆಗೆ ಸೇರಿದ್ದು, ಇವತ್ತಿನ ತಾರೀಕು." ಬೆರಳಿಟ್ಟು ಜಾಗ ತೋರಿಸಿದರು. ಅದರ ಕೆಳಗೇ ಅಲೆಕ್‌ನ ಸಾಲು, ೧೯೯೧ಕ್ಕೆ ನಿಂತದ್ದು. ರುಕ್ಮಿಣಿಯಮ್ಮ ನಿಂತೇ ತಾರೀಕು ಬರೆದುಕೊಟ್ಟರು.

"ನಿಮ್ಮ ತಟ್ಟೆಯನ್ನೂ ಇಲ್ಲಿಗೇ ತನ್ನಿ," ಎಂದರು ಮರ್ಡೊ, ಮೇಜಿನ ಹಾಳೆಗಳನ್ನು ಸರಿಸಿ ಜಾಗ ಮಾಡುತ್ತ. "ನನಗೋಸ್ಕರ ಅಷ್ಟು ಮಾಡಿದಿರಿ. ಇವತ್ತು ಒಟ್ಟಿಗೆ ಉಣ್ಣೋಣ. ನಿಮ್ಮ ಜೊತೆ ಅಡ್ಡಿಯಿಲ್ಲ."

"ಬೇಡ. ಅಳಿಯ ಕಾಯ್ತಿದ್ದಾನೆ," ಎಂದು ರುಕ್ಮಿಣಿಯಮ್ಮ ಬಾಗಿಲೆಳೆದುಕೊಂಡು ಬಂದರು.

ಅಲೆಕ್ ಮೇಜಿನ ಮುಂದೆ ಕೂತಿದ್ದ. ಸಾರು ಕಲಸಿಕೊಂಡಿದ್ದ, ಇನ್ನೂ ಬಾಯಿಗಿಟ್ಟಿರಲಿಲ್ಲ. ರುಕ್ಮಿಣಿಯಮ್ಮ ಅವನ ತಟ್ಟೆಗೆ ಒಂದು ಚಮಚ ತುಪ್ಪ ಹಾಕಿ, ತಮಗೂ ಬಡಿಸಿಕೊಂಡು ಅವನ ಪಕ್ಕದಲ್ಲಿ ಕೂತರು.

"ಸಾರಿ ಅಮ್ಮ," ಎಂದು ಅಲೆಕ್ ತನ್ನ ತಟ್ಟೆ ಎತ್ತಿಕೊಂಡ. ಹಿತ್ತಲಿನ ಗಾಜಿನ ಬಾಗಿಲು ಸರಿಸಿ ಹೊರಗೆ ಹೋಗಿ, ಅದನ್ನು ಮತ್ತೆ ಮುಚ್ಚಿ, ಒದ್ದೆ ಬೆಂಚಿನ ಮೇಲೆ ಒಬ್ಬನೇ ಕೂತು ಉಣ್ಣತೊಡಗಿದ.